ಮೊದಲ ಓದಿನ ಪ್ರಶ್ನೆ: ಕಮ್ಯುನಿಸ್ಟ್ ಸಿದ್ಧಾಂತದ ಪ್ರವೇಶ ಗ್ರಂಥಗಳು

ಯಾವುದೇ ಶಾಸ್ತ್ರವನ್ನು ಅರಿಯಬಯಸುವ ಓದುಗನಿಗೆ ಮೊದಲು ದೊರೆತ ಪುಸ್ತಕವು ಆ ಶಾಸ್ತ್ರದ ಬಗೆಗಿನ ಅವನ ಕಲ್ಪನೆಯನ್ನು ಬಹುಕಾಲ ಆಳುತ್ತದೆ. ಕಮ್ಯುನಿಸ್ಟ್ ಸಿದ್ಧಾಂತದ ಮಟ್ಟಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಮಾರ್ಕ್ಸ್ 1844ರಲ್ಲಿ ಬರೆದ ಆರ್ಥಿಕ ಮತ್ತು ತಾತ್ವಿಕ ಹಸ್ತಪ್ರತಿಗಳು ಪೂರ್ಣವಾಗಿ ಬೆಳಕು ಕಂಡದ್ದು 1932ರಲ್ಲಿ. 'ಬಂಡವಾಳ' ಗ್ರಂಥದ ಮೊದಲ ಸಂಪುಟ 1867ರಲ್ಲಿ ಹೊರಬಂದರೆ, ಎರಡನೆಯ ಮತ್ತು ಮೂರನೆಯ ಸಂಪುಟಗಳು ಅವರ ಮರಣಾನಂತರ 1885 ಮತ್ತು 1894ರಲ್ಲಿ ಎಂಗೆಲ್ಸ್ ಅವರ ಸಂಪಾದಕತ್ವದಲ್ಲಿ ಪ್ರಕಟವಾದವು. ಹೀಗಾಗಿ ಹಲವು ತಲೆಮಾರುಗಳ ಓದುಗರಿಗೆ ಈ ಸಿದ್ಧಾಂತ ತಲುಪಿದ್ದು ಕಿರುಹೊತ್ತಗೆಗಳ ಮೂಲಕ. ಯಾವ ಕಿರುಹೊತ್ತಗೆಯಿಂದ ಆರಂಭಿಸಬೇಕೆಂಬ ಪ್ರಶ್ನೆಯಲ್ಲಿ ಸಿದ್ಧಾಂತದ ಸ್ವರೂಪ ಯಾವುದೆಂಬ ಪ್ರಶ್ನೆಯೂ ಅಡಗಿದೆ.

ಈ ಪ್ರಶ್ನೆಯನ್ನು ಮೊದಲು ಎದುರಿಸಿದವರು ಮೂಲ ಲೇಖಕರೇ. 1847ರಲ್ಲಿ ಎಂಗೆಲ್ಸ್ ಅವರು 'ಕಮ್ಯುನಿಸಂನ ತತ್ತ್ವಗಳು' ಎಂಬ ಬರಹವನ್ನು 25 ಪ್ರಶ್ನೋತ್ತರಗಳ ರೂಪದಲ್ಲಿ ಸಿದ್ಧಪಡಿಸಿದರು. ಆದರೆ ಅದೇ ವರ್ಷದ ನವೆಂಬರಿನಲ್ಲಿ ಮಾರ್ಕ್ಸ್ ಅವರಿಗೆ ಬರೆದ ಪತ್ರದಲ್ಲಿ, ಇತಿಹಾಸವನ್ನು ನಿರೂಪಿಸಬೇಕಾದ ಕಡೆ ಪ್ರಶ್ನೋತ್ತರ ರೂಪ ಒಗ್ಗುವುದಿಲ್ಲವೆಂದೂ ಅದನ್ನು ಕೈಬಿಟ್ಟು ಪ್ರಣಾಳಿಕೆಯೊಂದನ್ನು ಬರೆಯುವುದು ಲೇಸೆಂದೂ ಸೂಚಿಸಿದರು. 1848ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಅಚ್ಚಾದ 'ಕಮ್ಯುನಿಸ್ಟ್ ಪ್ರಣಾಳಿಕೆ' ಈ ನಿರ್ಧಾರದ ಫಲ. ಪ್ರಶ್ನೋತ್ತರದಲ್ಲಿ ಪ್ರಶ್ನೆಯನ್ನು ಕೇಳುವವನೂ ಉತ್ತರಿಸುವವನೇ ಆಗಿರುತ್ತಾನೆ. ಓದುಗನಿಗೆ ಉಳಿಯುವುದು ಕಂಠಪಾಠ. ಪ್ರಣಾಳಿಕೆಯಾದರೋ ಬಂಡವಾಳಶಾಹಿ ವರ್ಗದ ಕ್ರಾಂತಿಕಾರಿ ಸಾಧನೆಯನ್ನು ಮೊದಲು ಒಪ್ಪಿಕೊಂಡು, ಅನಂತರ ಅದರ ಒಳವಿರೋಧಗಳನ್ನು ತೋರಿಸುತ್ತದೆ. ಎದುರಾಳಿಗಳ ಆಕ್ಷೇಪಗಳನ್ನು ಎತ್ತಿಕೊಂಡು ಉತ್ತರಿಸುತ್ತದೆ.

ಆದರೂ ಪ್ರಣಾಳಿಕೆಯೊಂದೇ ಸಾಲದು. ಅದರ ಮೂರನೆಯ ಭಾಗ ಅಂದಿನ ಸಮಾಜವಾದಿ ಪಂಥಗಳ ವಿಮರ್ಶೆ. 1872ರ ಮುನ್ನುಡಿಯಲ್ಲಿ ಲೇಖಕರೇ ಅದು ಅಪೂರ್ಣವೆಂದೂ ಎರಡನೆಯ ಭಾಗದ ಕೊನೆಯ ಕಾರ್ಯಕ್ರಮಗಳು ಕೆಲವೆಡೆ ಹಳತಾಗಿವೆಯೆಂದೂ ಒಪ್ಪಿದ್ದಾರೆ. ಮೇಲಾಗಿ, ಶೋಷಣೆ ನಡೆಯುವ ಬಗೆಯನ್ನು ವಿವರಿಸುವ ಮಿಗುತಾಯ ಮೌಲ್ಯದ ಸಿದ್ಧಾಂತ 1848ರ ವೇಳೆಗೆ ರೂಪುಗೊಂಡಿರಲಿಲ್ಲ.

ಈ ಕೊರತೆಯನ್ನು ತುಂಬಲು ಸಾಮಾನ್ಯವಾಗಿ ಸೂಚಿಸಲಾಗುವ ಹೊತ್ತಗೆ 'ಕೂಲಿ ಶ್ರಮ ಮತ್ತು ಬಂಡವಾಳ'. ಇದು ಮಾರ್ಕ್ಸ್ 1847ರಲ್ಲಿ ಬ್ರಸೆಲ್ಸ್‌ನ ಜರ್ಮನ್ ಕಾರ್ಮಿಕರಿಗೆ ನೀಡಿದ ಉಪನ್ಯಾಸಗಳನ್ನು ಆಧರಿಸಿ, 1849ರಲ್ಲಿ ಪತ್ರಿಕೆಯಲ್ಲಿ ಪ್ರಕಟವಾದ ಬರಹ. ಹತ್ತು ಸಾವಿರಕ್ಕೆ ಕಡಿಮೆಯಿಲ್ಲದ ಪ್ರತಿಗಳಲ್ಲಿ ಕಾರ್ಮಿಕರಿಗೆ ಹಂಚುವ ಉದ್ದೇಶದ 1891ರ ಆವೃತ್ತಿಯನ್ನು ಸಿದ್ಧಪಡಿಸುವಾಗ ಎಂಗೆಲ್ಸ್ ಅದರಲ್ಲಿ ಒಂದು ಮುಖ್ಯ ತಿದ್ದುಪಡಿ ಮಾಡಿದರು: ಕಾರ್ಮಿಕನು ಮಾರುವುದು ತನ್ನ 'ಶ್ರಮ'ವನ್ನೆಂದು ಮೂಲದಲ್ಲಿದ್ದುದು 'ಶ್ರಮಶಕ್ತಿ' ಎಂದಾಯಿತು. ಇದು ಪದದ ಬದಲಾವಣೆಯಷ್ಟೇ ಅಲ್ಲ. ಶ್ರಮಶಕ್ತಿಯ ಬೆಲೆಗೂ ಆ ಶಕ್ತಿ ದುಡಿದು ಸೃಷ್ಟಿಸುವ ಮೌಲ್ಯಕ್ಕೂ ಇರುವ ಅಂತರದಲ್ಲಿಯೇ ಮಿಗುತಾಯ ಮೌಲ್ಯ ಹುಟ್ಟುತ್ತದೆ. ಎಂಗೆಲ್ಸ್ ತಮ್ಮ ಪೀಠಿಕೆಯಲ್ಲಿ ತಿದ್ದುಪಡಿಯ ಕಾರಣವನ್ನು ಬಿಡಿಸಿ ಹೇಳಿರುವುದರಿಂದ, ಸಿದ್ಧಾಂತವೊಂದು ಬೆಳೆದ ಬಗೆಯನ್ನು ಹೊಸ ಓದುಗ ಇಲ್ಲಿಯೇ ಕಾಣಬಹುದು. ಪೀಠಿಕೆಯನ್ನು ಕೈಬಿಟ್ಟ ಮುದ್ರಣಗಳು ಈ ಲಾಭವನ್ನು ಕಳೆದುಕೊಳ್ಳುತ್ತವೆ.

1865ರ 'ಕೂಲಿ, ಬೆಲೆ ಮತ್ತು ಲಾಭ' ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಕೂಲಿಯನ್ನು ಹೆಚ್ಚಿಸುವುದರಿಂದ ಕಾರ್ಮಿಕರಿಗೆ ಪ್ರಯೋಜನವಿಲ್ಲವೆಂದು ವಾದಿಸಿದ ಜಾನ್ ವೆಸ್ಟನ್ ಅವರಿಗೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಘದ ಮಹಾಮಂಡಳಿಯ ಸಭೆಯಲ್ಲಿ ಮಾರ್ಕ್ಸ್ ನೀಡಿದ ಉತ್ತರವಿದು, ಅಚ್ಚಾದದ್ದು 1898ರಲ್ಲಿ. ವೆಸ್ಟನ್ ಎತ್ತಿದ್ದು ಇಂದಿಗೂ ಕೇಳಿಬರುವ ಸಂದೇಹ. ಅದಕ್ಕೆ ಹಂತಹಂತವಾಗಿ ದೊರೆಯುವ ಉತ್ತರವನ್ನು ಓದುಗ ತಾನೇ ಪರೀಕ್ಷಿಸಬಲ್ಲ.

'ಬಂಡವಾಳ' ಗ್ರಂಥವನ್ನೇ ನೇರವಾಗಿ ಎತ್ತಿಕೊಳ್ಳುವವರಿಗೂ ದಾರಿಯ ಆಯ್ಕೆ ತಪ್ಪಿದ್ದಲ್ಲ. 1867ರ ನವೆಂಬರಿನಲ್ಲಿ ಕೂಗಲ್‌ಮನ್ ಅವರಿಗೆ ಬರೆದ ಪತ್ರದಲ್ಲಿ ಮಾರ್ಕ್ಸ್, ಅವರ ಪತ್ನಿಗೆ ಸುಲಭವಾಗಿ ಓದಿಸಿಕೊಳ್ಳುವ ಭಾಗಗಳೆಂದು ದುಡಿಮೆಯ ದಿನ, ಸಹಕಾರ ಹಾಗೂ ಯಂತ್ರೋದ್ಯಮ, ಆದಿಮ ಸಂಚಯನ ಕುರಿತ ಅಧ್ಯಾಯಗಳನ್ನು ಹೆಸರಿಸಿದರು. ಸುಮಾರು ನೂರು ವರ್ಷಗಳ ಬಳಿಕ, 1969ರಲ್ಲಿ, ಅಲ್ತೂಸರ್ ಮೊದಲ ಭಾಗವನ್ನು ಸದ್ಯಕ್ಕೆ ಬದಿಗಿಟ್ಟು ಎರಡನೆಯ ಭಾಗದಿಂದ ಆರಂಭಿಸುವಂತೆ ಸೂಚಿಸಿದರು. ಎರಡು ಸಲಹೆಗಳೂ ಒಂದೇ ಬಗೆಯವಾಗಿ ತೋರಿದರೂ ಅವುಗಳ ಉದ್ದೇಶ ಬೇರೆ. ಮಾರ್ಕ್ಸ್ ಅವರದು ಓದಿನ ಸೌಕರ್ಯಕ್ಕೆ ಸಂಬಂಧಿಸಿದ್ದು. ಅಲ್ತೂಸರ್ ಅವರ ಸಲಹೆಯ ಹಿಂದೆ ಮೊದಲ ಭಾಗದಲ್ಲಿರುವ ಹೆಗೆಲ್‌ನ ಛಾಯೆಯ ಬಗೆಗಿನ ತಾತ್ವಿಕ ಅಸಮ್ಮತಿಯಿದೆ. ಅದನ್ನು ಪಾಲಿಸುವ ಓದುಗ ಸರಕಿನ ವಿಶ್ಲೇಷಣೆಯನ್ನೂ ಮನುಷ್ಯ ಸಂಬಂಧಗಳು ವಸ್ತುಗಳ ಸಂಬಂಧಗಳಂತೆ ತೋರುವ ಪ್ರಕ್ರಿಯೆಯ ವಿವರಣೆಯನ್ನೂ ಮುಂದೂಡಬೇಕಾಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಪ್ರವೇಶಿಕೆಗಳು ಪಕ್ಷದ ಪಠ್ಯಗಳಾದವು. ಬುಖಾರಿನ್ ಮತ್ತು ಪ್ರಿಯೊಬ್ರಜೆನ್‌ಸ್ಕಿ 1919ರಲ್ಲಿ ಬರೆದ 'ಕಮ್ಯುನಿಸಂನ ಅಕ್ಷರಮಾಲೆ' ಬಹಳ ಪ್ರಚಾರ ಪಡೆಯಿತು. ಇಬ್ಬರು ಲೇಖಕರೂ ಕ್ರಮವಾಗಿ 1938 ಮತ್ತು 1937ರಲ್ಲಿ ಮರಣದಂಡನೆಗೆ ಗುರಿಯಾದರು. 1938ರಲ್ಲೇ ಸೋವಿಯತ್ ಪಕ್ಷದ ಇತಿಹಾಸದ 'ಸಂಕ್ಷಿಪ್ತ ಪಠ್ಯ' ಹೊರಬಂತು. ಅದರಲ್ಲಿ ಸೇರಿರುವ ಗತಿತಾರ್ಕಿಕ ಭೌತವಾದದ ಕುರಿತ ಸ್ಟಾಲಿನ್ ಅವರ ಬರಹ ಮಾನವ ಇತಿಹಾಸವನ್ನು ಐದು ಬಗೆಯ ಉತ್ಪಾದನಾ ಸಂಬಂಧಗಳ ಸರಣಿಯಾಗಿ ಮಂಡಿಸುತ್ತದೆ. ಅದರ ಸ್ಪಷ್ಟತೆ ಆಕರ್ಷಕವೇ. ಆದರೆ 1881ರಲ್ಲಿ ವೆರಾ ಝಸೂಲಿಚ್ ಅವರಿಗೆ ಬರೆದ ಪತ್ರದಲ್ಲಿ, 'ಬಂಡವಾಳ'ದಲ್ಲಿ ತಾವು ತೋರಿದ ಐತಿಹಾಸಿಕ ಅನಿವಾರ್ಯತೆ ಪಶ್ಚಿಮ ಯೂರೋಪಿನ ದೇಶಗಳಿಗೆ ಸೀಮಿತವೆಂದು ಮಾರ್ಕ್ಸ್ ಸ್ಪಷ್ಟಪಡಿಸಿದ್ದರು. ಐದು ಮೆಟ್ಟಿಲುಗಳಿಂದ ಕಲಿಕೆ ಆರಂಭಿಸಿದವನಿಗೆ ಈ ಪತ್ರ ಅಪವಾದದಂತೆ ತೋರುತ್ತದೆ. ಎಂಗೆಲ್ಸ್ ಕೈಬಿಟ್ಟ ಪ್ರಶ್ನೋತ್ತರದ ಮನೋಧರ್ಮ ಇಲ್ಲಿ ಬೇರೊಂದು ರೂಪದಲ್ಲಿ ಮರಳಿ ಬಂದಿದೆ.

ಕನ್ನಡದ ಓದುಗನಿಗೆ ಇನ್ನೊಂದು ತೊಡಕುಂಟು. ದಿನಬಳಕೆಯಲ್ಲಿ 'ಬಂಡವಾಳ'ವೆಂದರೆ ಅಂಗಡಿಗೆ ಹೂಡಿದ ಹಣ. ಮಾರ್ಕ್ಸ್ ಅವರಲ್ಲಾದರೋ ಅದೊಂದು ಸಾಮಾಜಿಕ ಸಂಬಂಧ. ಹಣವಾಗಲಿ ಯಂತ್ರವಾಗಲಿ ಆ ಸಂಬಂಧದೊಳಗೆ ಬಂದಾಗ ಮಾತ್ರ ಬಂಡವಾಳವಾಗುತ್ತದೆ. ಅಂತೆಯೇ 'ಕೂಲಿ' ಮತ್ತು 'ಸಂಬಳ'ಗಳನ್ನು ನಮ್ಮ ನುಡಿ ಅಂತಸ್ತಿನ ಭೇದದಿಂದ ಬೇರ್ಪಡಿಸುತ್ತದೆ. ಸಿದ್ಧಾಂತದಲ್ಲಿ ಎರಡೂ ಶ್ರಮಶಕ್ತಿಯ ಬೆಲೆಯೇ. ಈ ಭೇದವನ್ನು ವಿವರಿಸದ ಅನುವಾದದಿಂದ ಕಚೇರಿಯ ನೌಕರನು ಇದು ತನಗೆ ಸಂಬಂಧಿಸಿದ್ದಲ್ಲವೆಂದು ಭಾವಿಸುವ ಸಾಧ್ಯತೆಯಿದೆ. ಜಾತಿಯು ಶ್ರಮದ ವಿಭಜನೆಯಷ್ಟೇ ಆಗಿರದೆ ಶ್ರಮಿಕರ ವಿಭಜನೆಯೂ ಆಗಿದೆಯೆಂದು ಅಂಬೇಡ್ಕರ್ 1936ರಲ್ಲಿ ಎತ್ತಿದ ತಕರಾರನ್ನು ಇದರ ಜೊತೆಗೇ ಓದದಿದ್ದರೆ ಭಾರತೀಯ ಓದುಗನ ಪ್ರವೇಶ ಅರ್ಧಕ್ಕೇ ನಿಲ್ಲುತ್ತದೆ.

ಒಟ್ಟಿನಲ್ಲಿ, ಪ್ರವೇಶ ಗ್ರಂಥದ ಯೋಗ್ಯತೆಯನ್ನು ಅದರ ಸರಳತೆಯೊಂದರಿಂದಲೇ ಅಳೆಯಲಾಗದು. ಎದುರಾಳಿಯ ವಾದಕ್ಕೆ ಎಡೆಗೊಟ್ಟು, ತನ್ನ ತೀರ್ಮಾನಕ್ಕೆ ಬಂದ ದಾರಿಯನ್ನು ತೋರುವ ಗ್ರಂಥವೇ ಮೊದಲ ಓದಿಗೆ ತಕ್ಕದ್ದು. ಈ ದೃಷ್ಟಿಯಿಂದ 1865ರ ಉಪನ್ಯಾಸ, 1891ರ ಪೀಠಿಕೆ ಸಹಿತವಾದ 'ಕೂಲಿ ಶ್ರಮ', ಬಳಿಕ 1872ರ ಮುನ್ನುಡಿಯೊಡನೆ ಪ್ರಣಾಳಿಕೆ, ಅನಂತರ 'ಬಂಡವಾಳ'ದ ದುಡಿಮೆಯ ದಿನದ ಅಧ್ಯಾಯ ಎಂಬ ಕ್ರಮ ಸೂಕ್ತವೆನಿಸುತ್ತದೆ. ಸಾರಸಂಗ್ರಹಗಳಿಗೆ ಈ ಕ್ರಮದ ಕೊನೆಯಲ್ಲಿ ಸ್ಥಾನವುಂಟು. ಆ ವೇಳೆಗೆ ಓದುಗ ಅವುಗಳನ್ನು ಮೂಲದೊಡನೆ ಹೋಲಿಸಿ ನೋಡಲು ಶಕ್ತನಾಗಿರುತ್ತಾನೆ.