ಕುರಿಯ ಸಂತಾನಶಕ್ತಿಯೂ ಮಣ್ಣಿನ ಸಾಕ್ಷ್ಯವೂ

ಆಡು-ಕುರಿಗಳ ಸಂತಾನವೃದ್ಧಿಗಾಗಿ ಉತ್ಕರ್ಷಣ ನಿರೋಧಕಗಳನ್ನು ಮೇವಿನೊಡನೆ ಕೊಡಬೇಕೆಂದು ಪ್ರತಿಪಾದಿಸುವ ಬರಹಗಳು ಈಗ ಹೇರಳವಾಗಿವೆ. ಪಶುವೈದ್ಯರ ಕ್ಷೇತ್ರದಲ್ಲಿ ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಸಾಕ್ಷ್ಯವನ್ನು ಅದರ ದೇಶಕಾಲಗಳಲ್ಲಿಟ್ಟು ನೋಡುವುದಷ್ಟೇ ನಮ್ಮ ಉದ್ದೇಶ.

1922ರಲ್ಲಿ ಇವಾನ್ಸ್ ಮತ್ತು ಬಿಷಪ್ ಅವರು ಇ ಜೀವಸತ್ವವನ್ನು ಗುರುತಿಸಿದುದು ಇಲಿಗಳ ಗರ್ಭಧಾರಣೆಯನ್ನು ಪರೀಕ್ಷಿಸುತ್ತಿದ್ದಾಗ. ಸೆಲೆನಿಯಂ ಬಹುಕಾಲ ಜಾನುವಾರುಗಳಿಗೆ ವಿಷವೆಂದೇ ಪ್ರಸಿದ್ಧವಾಗಿದ್ದಿತು. ಅದರ ಅಗತ್ಯವನ್ನು 1957ರಲ್ಲಿ ಶ್ವಾರ್ಟ್ಸ್ ಮತ್ತು ಫೋಲ್ಟ್ಸ್ ಅವರು ಇಲಿಗಳಲ್ಲಿಯೇ ತೋರಿಸಿದರು. ಬಳಿಕ ನ್ಯೂಜಿಲೆಂಡಿನಲ್ಲಿ, ಸೆಲೆನಿಯಂ ಕೊರತೆಯಿದ್ದ ಹುಲ್ಲುಗಾವಲುಗಳಲ್ಲಿ ಅದನ್ನು ಕೊಟ್ಟಾಗ, ಭ್ರೂಣನಾಶದಿಂದ ಬರಡಾಗುತ್ತಿದ್ದ ಕುರಿಗಳು ಮರಿಹಾಕಿದವು. ಉತ್ಕರ್ಷಣವನ್ನು ತಡೆಯುವ ಕಿಣ್ವವೊಂದರಲ್ಲಿ ಅದು ಅಂಗವಾಗಿದೆಯೆಂಬುದು ತಿಳಿದುದು 1973ರಲ್ಲಿ. ಫಲ ಮೊದಲು, ವಿವರಣೆ ಅನಂತರ.

ಆ ಫಲ ಆ ಮಣ್ಣಿನ ಕೊರತೆಯನ್ನು ತುಂಬಿದುದರಿಂದ ಬಂದುದು. ಅದನ್ನು ‘ಉತ್ಕರ್ಷಣ ನಿರೋಧಕ’ವೆಂಬ ಹೆಸರಿಗೆ ಆರೋಪಿಸಿ, ಕೊರತೆಯಿಲ್ಲದ ಹಿಂಡಿಗೂ ವಾಗ್ದಾನ ಮಾಡುವುದು ತರ್ಕದೋಷ. ದೋಷ ಕಾಗದದಲ್ಲಿಯೇ ನಿಲ್ಲುವುದಿಲ್ಲ. ಸೆಲೆನಿಯಮ್ಮಿನಲ್ಲಿ ಅಗತ್ಯಕ್ಕೂ ವಿಷಕ್ಕೂ ಅಂತರ ಕಿರಿದು. ಪ್ರಮಾಣ ಮೀರಿದರೆ ಕುರಿ ಸಾಯುವುದು, ನಷ್ಟ ಕುರಿಗಾಹಿಯದು.

ಆದುದರಿಂದ ಇಂಥ ಪ್ರಬಂಧವನ್ನೋದುವ ವಿದ್ಯಾರ್ಥಿಯು ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. ಪೂರಕವನ್ನು ಕೊಡುವುದಕ್ಕೆ ಮುನ್ನ ಮೇವನ್ನೂ ರಕ್ತವನ್ನೂ ಪರೀಕ್ಷಿಸಿದ್ದರೇ? ಪೂರಕವಿಲ್ಲದ ಹಿಂಡಿನೊಡನೆ ಹೋಲಿಸಿದರೇ? ಕಡೆಗೆ ಎಣಿಸಿದುದು ಬದುಕುಳಿದ ಮರಿಗಳನ್ನೇ, ರಕ್ತದ ಅಂಶಗಳನ್ನು ಮಾತ್ರವೇ? ಈ ಮೂರಕ್ಕೂ ಉತ್ತರವಿಲ್ಲದ ಪ್ರಬಂಧವನ್ನು ಕುರಿಗಾಹಿಗೆ ಉಪದೇಶವಾಗಿ ಕೊಡುವುದು ಉಚಿತವಲ್ಲವೆಂದು ನಾವು ಭಾವಿಸುತ್ತೇವೆ.