ಕಟ್ಟೆಯ ಮೇಲಿನ ಫರ್ಸಿ

ಶಹಾಬಾದ್ ಕಡೆಯ ರಸ್ತೆಬದಿಯ ಹಳೆಯ ಕಟ್ಟಡ ಯಾವುದೇ ಇರಲಿ, ಚಹಾದ ಹೋಟೆಲೋ ಕಿರಾಣಿ ಅಂಗಡಿಯೋ, ಮೊದಲು ಅದರ ಕಟ್ಟೆ ನೋಡಬೇಕು. ಬೂದುಬಣ್ಣದ ಫರ್ಸಿ, ಅಂದರೆ ಹಾಸುಗಲ್ಲು. ನೀರು ಚೆಲ್ಲಿದರೆ ಸಾಕು, ಒಳಗಿನ ನೀಲಿ ಮೇಲೆದ್ದು ಬರುತ್ತದೆ. ನೆತ್ತಿ ಸುಡುವ ಬಿಸಿಲಲ್ಲಿ ನಡೆದು ಬಂದವರ ಪಾದಕ್ಕೆ ಒಳಮನೆಯ ಫರ್ಸಿಯ ತಂಪು ಚೆನ್ನಾಗಿ ಗೊತ್ತು.

ಇದು ಭೀಮಾ ಸೀಮೆಯ ಸುಣ್ಣಕಲ್ಲು. ಪ್ರಾಚೀನ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ಆ ಪದರಗಳ ಸಂದಿಗೆ ಉಳಿ ಕೊಟ್ಟು, ಉದ್ದಕ್ಕೂ ಮೆಲ್ಲಗೆ ಬಡಿಯುತ್ತ ಹೋದರೆ ಹಾಸುಗಲ್ಲು ಎದ್ದು ಬರುತ್ತದೆ. ಹಳೆಯ ಫರ್ಸಿಯ ಅಂಚು ಸವರಿ ನೋಡಿ, ಉಳಿಯ ಕಚ್ಚುಗಳು ಬೆರಳಿಗೆ ಸಿಗುತ್ತವೆ. ಯಂತ್ರ ಕೊಯ್ದ ಕಲ್ಲಿಗೆ ಆ ಗುರುತಿಲ್ಲ. ನನಗಂತೂ ಕೈಕೆಲಸದ ಅಂಚೇ ಚೆಂದ.

1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಹಾದಿ ಶುರುವಾಯಿತು. ರೈಲಿನೊಡನೆ ಈ ಕಲ್ಲೂ ದೂರದ ಊರುಗಳ ಅಂಗಳ, ಪ್ಲಾಟ್‌ಫಾರ್ಮು ಸೇರಿತು. ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳಲ್ಲಿ ಸಿಮೆಂಟಾಗುವುದೂ ಈ ಸೀಮೆಯ ಸುಣ್ಣಕಲ್ಲೇ.

ಹಳೆಯ ಕಟ್ಟಡ ದುರಸ್ತಿ ಮಾಡಿಸುವವರು ದಯವಿಟ್ಟು ಫರ್ಸಿಯ ಮೇಲೆ ಟೈಲ್ಸ್ ಹಾಕಿಸಬೇಡಿ. ಒಡೆದದ್ದನ್ನಷ್ಟೇ ಬದಲಿಸಿ, ಉಳಿದದ್ದಕ್ಕೆ ಪಾಲಿಶ್ ಹೊಡೆಸಿ. ಹೊಸ ಫರ್ಸಿ ಅಲ್ಲೇ ಪಕ್ಕದ ಗಣಿಯಲ್ಲಿ ಸಿಗುತ್ತದೆ.