ಐರಿಷ್ ಮತ್ತು ಬರ್ಮೀ ಭಾಷೆಗಳಲ್ಲಿ ಪದಾದಿವ್ಯಂಜನದ ವಿಕಾರ

ಎರಡು ಭಾಷೆಗಳನ್ನು ಹೋಲಿಸುವವರು ಅವುಗಳೊಳಗಿನ ಸಾಮ್ಯವು ಜನ್ಮಸಂಬಂಧದಿಂದ ಬಂದುದೋ, ಎರವಿನಿಂದ ಬಂದುದೋ, ಧ್ವನಿಗಳ ಸಹಜಪ್ರವೃತ್ತಿಯಿಂದ ಬಂದುದೋ ಎಂಬುದನ್ನು ಮೊದಲು ನಿಷ್ಕರ್ಷಿಸಬೇಕು. ಈ ವಿವೇಚನೆಯಿಲ್ಲದ ಹೋಲಿಕೆಯು ಕುತೂಹಲವನ್ನು ತಣಿಸೀತೇ ಹೊರತು ಜ್ಞಾನವನ್ನು ಬೆಳೆಸಲಾರದು. ಐರಿಷ್ ಮತ್ತು ಬರ್ಮೀ ಭಾಷೆಗಳು ಇದಕ್ಕೆ ಒಳ್ಳೆಯ ನಿದರ್ಶನವಾಗಿವೆ. ಐರಿಷ್ ಭಾಷೆಯು ಇಂಡೋ-ಯೂರೋಪಿಯನ್ ವರ್ಗದ ಕೆಲ್ಟಿಕ್ ಶಾಖೆಗೆ ಸೇರಿದುದು. ಆದಕಾರಣ ಸಂಸ್ಕೃತಕ್ಕೆ ದೂರದ ದಾಯಾದಿ. ಬರ್ಮೀ ಭಾಷೆಯು ಟಿಬೆಟೋ-ಬರ್ಮನ್ ವರ್ಗದ್ದು. ಭಾರತದೊಡನೆ ಅದಕ್ಕಿರುವ ನಂಟು ಲಿಪಿಯದು ಮತ್ತು ಪಾಳಿಯ ಎರವಲು ಶಬ್ದಗಳದು. ಐರಿಷ್ ವಾಕ್ಯವು ಕ್ರಿಯಾಪದದಿಂದ ಆರಂಭವಾಗುತ್ತದೆ. ಬರ್ಮೀ ವಾಕ್ಯವು ಕನ್ನಡದಂತೆ ಕ್ರಿಯಾಪದದಲ್ಲಿ ಮುಗಿಯುತ್ತದೆ. ಮೊದಲನೆಯದರಲ್ಲಿ ಲಿಂಗಭೇದವುಂಟು, ಸ್ವರಭಾರದಿಂದ ಅರ್ಥಭೇದವಿಲ್ಲ. ಎರಡನೆಯದರಲ್ಲಿ ಇದಕ್ಕೆ ವಿಪರೀತ. ಹೀಗಿದ್ದರೂ ಇವನ್ನು ಕಲಿಯಹೊರಟವನಿಗೆ ಎರಡು ಕಡೆಯೂ ಒಂದೇ ತೊಡಕು ಎದುರಾಗುತ್ತದೆ: ಪದದ ಮೊದಲ ವ್ಯಂಜನವು ಇದ್ದಂತೆ ಇರುವುದಿಲ್ಲ.

ಬರ್ಮೀ ಭಾಷೆಯಲ್ಲಿ ‘ಸಾ’ ಎಂದರೆ ಬರಹ ಅಥವಾ ಪತ್ರ; ‘ತೈಕ್’ ಎಂದರೆ ಕಟ್ಟಡ. ಇವೆರಡೂ ಸಮಾಸವಾದಾಗ ‘ಸಾದೈಕ್’ ಎಂದಾಗಿ ಅಂಚೆಯ ಮನೆಯೆಂಬ ಅರ್ಥ ಬರುತ್ತದೆ. ಸ್ವರದ ಅಥವಾ ಅನುನಾಸಿಕದ ಮುಂದೆ ಬಂದ ಅಘೋಷವು ಘೋಷವಾಗುವುದು ಇಲ್ಲಿಯ ನಿಯಮ. ಪೂರ್ವಪದದ ಕೊನೆಯಲ್ಲಿ ಕಂಠವನ್ನು ತಟ್ಟನೆ ಮುಚ್ಚುವ ಉಚ್ಚಾರಣೆಯಿದ್ದರೆ ಈ ವಿಕಾರವಿಲ್ಲ. ಕನ್ನಡದ ಓದುಗರಿಗೆ ಇದು ಅಪರಿಚಿತವಲ್ಲ. ಮಳೆ, ಕಾಲ ಎಂಬವು ‘ಮಳೆಗಾಲ’ವಾಗುವುದು, ಕಣ್, ಪನಿ ಎಂಬವು ‘ಕಂಬನಿ’ಯಾಗುವುದು ಇದೇ ಬಗೆಯದು. 13ನೆಯ ಶತಮಾನದ ಕೇಶಿರಾಜನು ಸಮಾಸದಲ್ಲಿ ಕತಪಗಳಿಗೆ ಗದಬಗಳನ್ನು ಆದೇಶವಾಗಿ ಹೇಳಿರುವನಷ್ಟೆ. ಬರ್ಮೀ ಕನ್ನಡಗಳಿಗೆ ರಕ್ತಸಂಬಂಧವಿಲ್ಲ. ನಾಲಗೆ ಕಂಠಗಳ ಸೌಕರ್ಯವೇ ಎರಡಕ್ಕೂ ಸಮಾನವಾದ ಕಾರಣ.

ಐರಿಷ್ ಭಾಷೆಯ ವಿಕಾರವು ಹೊರನೋಟಕ್ಕೆ ಇದರಂತೆಯೇ ಇದೆ. ‘ತೊಬರ್’ ಎಂದರೆ ಬಾವಿ. ‘ಅವನ’, ‘ಅವಳ’, ‘ಅವರ’ ಎಂಬ ಮೂರು ಅರ್ಥಗಳಿಗೂ ಇರುವುದು ‘ಅ’ ಎಂಬ ಒಂದೇ ಪದ. ‘ಅ ಹೊಬರ್’ ಎಂದರೆ ಅವನ ಬಾವಿ, ‘ಅ ತೊಬರ್’ ಎಂದರೆ ಅವಳ ಬಾವಿ, ‘ಅ ದೊಬರ್’ ಎಂದರೆ ಅವರ ಬಾವಿ. ಅರ್ಥವನ್ನು ನಿರ್ಣಯಿಸುವುದು ಸರ್ವನಾಮವಲ್ಲ, ಮುಂದಿನ ಪದದ ಮೊದಲಕ್ಷರ. ಸ್ವರಾದಿಯಾದ ‘ಅಹರ್’ (ತಂದೆ) ಶಬ್ದದಲ್ಲಿ ಇದು ಇನ್ನೂ ಸ್ಪಷ್ಟ: ಅವನ ತಂದೆ ‘ಅ ಅಹರ್’, ಅವಳ ತಂದೆ ‘ಅ ಹಹರ್’, ಅವರ ತಂದೆ ‘ಅ ನಹರ್’.

ಈ ವೈಚಿತ್ರ್ಯಕ್ಕೆ ಕಾರಣವು ಸಂಸ್ಕೃತವನ್ನು ಬಲ್ಲವರಿಗೆ ಒಡನೆಯೇ ಹೊಳೆಯುವಂತಿದೆ. ಈ ಮೂರು ‘ಅ’ಗಳು ಕ್ರಮವಾಗಿ ಅಸ್ಯ, ಅಸ್ಯಾಃ, ಏಷಾಂ ಎಂಬ ರೂಪಗಳ ಜ್ಞಾತಿಗಳು. ಮೊದಲನೆಯದು ಸ್ವರಾಂತವಾದುದರಿಂದ ಎರಡು ಸ್ವರಗಳ ನಡುವೆ ಸಿಕ್ಕ ತಕಾರವು ಸಡಿಲಿ ಹಕಾರವಾಯಿತು. ಎರಡನೆಯದರ ಕೊನೆಯಲ್ಲಿದ್ದ ಸಕಾರವು ತಕಾರವನ್ನು ಕಾಪಾಡಿತು. ಸ್ವರದ ಮುಂದೆ ಅದು ಹಕಾರವಾಗಿ ಉಳಿಯಿತು. ಮೂರನೆಯದರ ಅನುನಾಸಿಕವು ತಕಾರವನ್ನು ದಕಾರವಾಗಿಸಿತು. ಸ್ವರದ ಮುಂದೆ ನಕಾರವಾಗಿ ನಿಂತಿತು. ಕಾಲಾಂತರದಲ್ಲಿ ಅಂತ್ಯಾಕ್ಷರಗಳು ಅಳಿದುಹೋದುವು. ಅವು ಮಾಡಿದ ಗುರುತು ಮಾತ್ರ ಮುಂದಿನ ಪದದ ಮೇಲೆ ಉಳಿಯಿತು. ಜರ್ಮನಿಯ ಫ್ರಾಂಟ್ಸ್ ಬಾಪ್ ಪಂಡಿತನು 1839ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಕೆಲ್ಟಿಕ್ ಭಾಷೆಗಳ ಈ ವಿಕಾರಗಳಿಗೆ ಅಳಿದ ಅಂತ್ಯಾಕ್ಷರಗಳೇ ಮೂಲವೆಂದು ತೋರಿಸಿದನು.

ಇಲ್ಲಿಯೇ ಎರಡು ಭಾಷೆಗಳ ದಾರಿಗಳು ಅಗಲುತ್ತವೆ. ಬರ್ಮೀಯಲ್ಲಿ ಕಾರಣವು ಇಂದಿಗೂ ಕಿವಿಗೆ ಕೇಳುತ್ತದೆ. ಆದುದರಿಂದ ವಿಕಾರಕ್ಕೆ ಪ್ರಾಯಶಃ ಸ್ವತಂತ್ರವಾದ ಅರ್ಥವಿಲ್ಲ. ಐರಿಷ್‌ನಲ್ಲಿ ಕಾರಣವು ಮರೆಯಾಗಿದೆ. ಆದುದರಿಂದ ವಿಕಾರವೇ ವಿಭಕ್ತಿಪ್ರತ್ಯಯದ ಹೊಣೆಯನ್ನು ಹೊತ್ತಿದೆ. ಬರ್ಮೀಯಲ್ಲಿ ಧ್ವನಿಭೇದವು ವ್ಯಾಕರಣಾರ್ಥವನ್ನು ಕೊಡುವುದೇ ಇಲ್ಲವೆಂದು ಇದರಿಂದ ತಿಳಿಯಬಾರದು. ‘ಥೂ’ (ಅವನು ಅಥವಾ ಅವಳು) ಎಂಬುದನ್ನು ಕಂಠವನ್ನು ಬಿಗಿದು ಮೊಟಕಾಗಿ ಉಚ್ಚರಿಸಿದರೆ ಷಷ್ಠ್ಯರ್ಥವು ಬರುತ್ತದೆ. ಆದರೆ ಇಲ್ಲಿ ಮಾರ್ಪಡುವುದು ಒಡೆಯನನ್ನು ಹೇಳುವ ಪದ. ಐರಿಷ್‌ನಲ್ಲಿ ಮಾರ್ಪಡುವುದು ಒಡೆತನಕ್ಕೆ ಒಳಗಾದ ವಸ್ತುವಿನ ಪದ.

ಬರವಣಿಗೆಯಲ್ಲಿಯೂ ಈ ಭೇದವು ತೋರುತ್ತದೆ. ಕನ್ನಡವು ‘ಕಂಬನಿ’ ಎಂದು ಆದೇಶವನ್ನು ಮಾತ್ರ ಬರೆಯುತ್ತದೆ. ಬರ್ಮೀಯು ಸಾದೈಕ್ ಎಂದು ನುಡಿದರೂ ತಕಾರವನ್ನೇ ಬರೆಯುತ್ತದೆ. ‘ಸಾ’ ಎಂದು ಓದುವುದನ್ನು ಚಕಾರದಿಂದಲೂ ‘ಥೂ’ ಎಂದು ಓದುವುದನ್ನು ಸಕಾರದಿಂದಲೂ ಬರೆಯುವ ಪ್ರಾಚೀನನಿಷ್ಠೆ ಅದರದು. ಐರಿಷ್ ಭಾಷೆಯು ದಕಾರ ತಕಾರಗಳೆರಡನ್ನೂ ಒಟ್ಟಿಗೆ ಬರೆದು ದಕಾರವನ್ನು ಮಾತ್ರ ಉಚ್ಚರಿಸುತ್ತದೆ. 1945ರಲ್ಲಿ ಪ್ರಕಟವಾದ ಐರಿಷ್ ಕಾಗುಣಿತದ ಸುಧಾರಣೆಯು ಅನೇಕ ಮೌನಾಕ್ಷರಗಳನ್ನು ಬಿಟ್ಟರೂ ಈ ಜೋಡಿಯನ್ನು ಉಳಿಸಿಕೊಂಡಿತು. ಇದು ಯುಕ್ತವೇ ಆಗಿದೆ: ತಕಾರವು ಪದವನ್ನೂ ದಕಾರವು ವ್ಯಾಕರಣವನ್ನೂ ತಿಳಿಸುತ್ತವೆ, ಒಂದನ್ನು ಬಿಟ್ಟರೆ ಓದುಗನು ಇನ್ನೊಂದನ್ನು ಊಹಿಸಬೇಕಾದೀತು.

ಆದಕಾರಣ ಇವುಗಳಲ್ಲಿ ಯಾವ ಭಾಷೆಯ ಬರಹವು ಹೆಚ್ಚು ಅಸಂಬದ್ಧವೆಂದು ಕೇಳುವುದು ಪ್ರಶ್ನೆಯ ರೀತಿಯಲ್ಲ. ಲಿಪಿಯು ಏನನ್ನು ಉಳಿಸಿಕೊಂಡಿದೆ, ಏತಕ್ಕಾಗಿ ಉಳಿಸಿಕೊಂಡಿದೆ ಎಂದು ಕೇಳುವುದೇ ಉಚಿತ. ಆದೇಶಸಂಧಿಯನ್ನು ಬರಿಯ ಸೂತ್ರವಾಗಿ ಬಾಯಿಪಾಠಮಾಡಿದ ವಿದ್ಯಾರ್ಥಿಗೆ ಅದು ವ್ಯಾಕರಣದ ಒಂದು ಕಟ್ಟಳೆಯಾಗಿ ಮಾತ್ರ ಕಾಣುತ್ತದೆ. ಅದೇ ಪ್ರವೃತ್ತಿಯು ಐರಾವತಿಯ ದಡದಲ್ಲಿ ಉಚ್ಚಾರಣೆಯ ಸೌಕರ್ಯವಾಗಿಯೇ ಉಳಿದು, ಅಟ್ಲಾಂಟಿಕ್ ಸಮುದ್ರದ ಅಂಚಿನಲ್ಲಿ ಅರ್ಥದ ಆಧಾರವೇ ಆದುದನ್ನು ಕಂಡವನಿಗೆ, ಸಾಮ್ಯವೆಂಬುದು ವಿಚಾರದ ಆರಂಭವೇ ಹೊರತು ಮುಕ್ತಾಯವಲ್ಲವೆಂಬುದು ಮನದಟ್ಟಾಗುತ್ತದೆ.